‘ಕೆರೆ’ ಅಂತ ಹುಡುಕಿದರೆ ಬೋಟಿಂಗ್ ಜಾಗ ಬರುತ್ತಿದೆ! ಡಿಸರ್ಟೇಶನ್‌ಗೆ ಯಾವ ಪದ ಹಾಕಿ ಹುಡುಕಬೇಕು?

ಮಾವಿನ ತೋಪು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಇತಿಹಾಸದಲ್ಲಿ ಎಂ.ಎ. ಎರಡನೇ ವರ್ಷ. ಊರು ಶ್ರೀನಿವಾಸಪುರದ ಹತ್ತಿರ. ಡಿಸರ್ಟೇಶನ್ ವಿಷಯ ‘ಕೋಲಾರ ಜಿಲ್ಲೆಯ ಕೆರೆಗಳ ನಿರ್ವಹಣೆಯಲ್ಲಿ ನೀರುಗಂಟಿಗಳು, 1850–1950’. ಯಾರೂ ತಲೆಗೆ ಕಟ್ಟಿದ್ದಲ್ಲ, ನಾನೇ ಆರಿಸಿಕೊಂಡೆ. ನಮ್ಮ ತಾತನ ಅಣ್ಣ ಊರ ಕೆರೆಗೆ ನೀರುಗಂಟಿ ಆಗಿದ್ದರು. ತೂಬು ತೆಗೆಯುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು, ರಾತ್ರಿ ಮಳೆ ಬಂದರೆ ಲಾಟೀನು ಹಿಡಿದು ಏರಿ ಮೇಲೆ ಓಡುವುದು, ಎಲ್ಲ ಅವರದೇ. ಅಜ್ಜಿ ಈಗಲೂ ಅದನ್ನೆಲ್ಲ ಹೇಳುತ್ತಿರುತ್ತಾರೆ.

ಕಷ್ಟ ಏನು ಅಂದರೆ, ಮೂರು ವಾರದಿಂದ ಹುಡುಕುತ್ತಿದ್ದೇನೆ, ಕೈಗೆ ಏನೂ ಸಿಗುತ್ತಿಲ್ಲ. ‘ಕೋಲಾರ ಕೆರೆ ಇತಿಹಾಸ’ ಅಂತ ಹಾಕಿದರೆ ವೀಕೆಂಡಿಗೆ ಹೋಗಿ ಬರುವ ಜಾಗಗಳು, ಡ್ರೋನ್ ವಿಡಿಯೋಗಳು. ಇಲ್ಲದಿದ್ದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ನಮ್ಮ ಕೆರೆಗಳಿಗೆ ಬಿಡುವ ಕೆ.ಸಿ. ವ್ಯಾಲಿ ಯೋಜನೆಯ ಸುದ್ದಿ, ಅದೂ 2018ರ ಈಚಿನದು. ಇಂಗ್ಲಿಷಿನಲ್ಲಿ ‘ಲೇಕ್ಸ್ ಆಫ್ ಕೋಲಾರ್ ಹಿಸ್ಟರಿ’ ಅಂತ ಹಾಕಿದೆ. ಬೆಂಗಳೂರಿನ ಕೆರೆ ಒತ್ತುವರಿ ಸುದ್ದಿ ಬಂತು. ಬೇಜಾರಾಗಿ ಡಿಸರ್ಟೇಶನ್ ಟೈಟಲ್ಲನ್ನೇ ಇಂಗ್ಲಿಷ್ ಮಾಡಿ ಉದ್ದಕ್ಕೆ ಟೈಪ್ ಮಾಡಿದೆ. ಎರಡು ಎನ್‌ಜಿಒ ವರದಿ ಸಿಕ್ಕವು. ಎರಡರಲ್ಲೂ ನೀರುಗಂಟಿ ಬಗ್ಗೆ ಇರುವುದು ಒಂದೊಂದು ಪ್ಯಾರಾ.

ಗೈಡ್ ಕನಿಷ್ಠ 25 ಆಕರ ಇಲ್ಲದೆ ಮುಖ ತೋರಿಸಬೇಡ ಅಂದಿದ್ದಾರೆ. ರೂಮ್‌ಮೇಟ್ ‘ಟಾಪಿಕ್ ಚೇಂಜ್ ಮಾಡು ಮಾರಾಯ’ ಅಂತಾನೆ. ನಿಜವಾಗಲೂ ಈ ವಿಷಯದ ಮೇಲೆ ಯಾರೂ ಬರೆದೇ ಇಲ್ಲವಾ? ಅಥವಾ ನನಗೆ ಹುಡುಕಲು ಬರುವುದಿಲ್ಲವಾ?

ಶಾರ್ಟ್‌ಕಟ್ ಸೀನ ಬರೆದದ್ದು:

ಬ್ರೋ, ಈ ಕಾಲದಲ್ಲೂ ಗೂಗಲ್ ಸರ್ಚಾ? ಯಾವುದಾದರೂ ಎಐ ಚಾಟ್ ತೆಗೆದು ‘ಈ ವಿಷಯಕ್ಕೆ 25 ರೆಫರೆನ್ಸ್ ಕೊಡು’ ಅನ್ನಿ. ಎರಡು ನಿಮಿಷದ ಕೆಲಸ.

ಹಳೇ ಲೈಬ್ರರಿಯನ್ ಬರೆದದ್ದು:

ಸೀನ ಅವರ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಿನಗೆ ಹೇಳುತ್ತೇನೆ ತಮ್ಮಾ, ವಿಷಯ ಬದಲಿಸಬೇಡ. ನಾನು ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ 27 ವರ್ಷ ಕೂತವಳು, ಹೋದ ವರ್ಷ ರಿಟೈರ್ ಆದೆ. ‘ಮೇಡಂ, ಇದರ ಮೇಲೆ ಏನೂ ಇಲ್ಲ’ ಅಂತ ಬಂದ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತು ಜನರಿಗೆ ಪದ ತಪ್ಪಿರುತ್ತಿತ್ತು. ನಿನ್ನದೂ ಅದೇ.

ನೀನು ಹುಡುಕುತ್ತಿರುವುದು ನಿನ್ನ ಮಾತಿನಲ್ಲಿ. ಬರೆದವನು ಬರೆದದ್ದು ಅವನ ಮಾತಿನಲ್ಲಿ. 1890ರಲ್ಲಿ ಮೈಸೂರು ಸರ್ಕಾರದ ಇಂಗ್ಲಿಷ್ ವರದಿ ಬರೆದವನು ನಮ್ಮ ಕೆರೆಯನ್ನು ‘ಲೇಕ್’ ಅಂತ ಕರೆಯುತ್ತಿರಲಿಲ್ಲ. ಅವನಿಗೆ ಅದು ‘ಟ್ಯಾಂಕ್’. ಸಣ್ಣ ನೀರಾವರಿ ಇಲಾಖೆಗೆ ಇವತ್ತಿಗೂ ಅದು ಟ್ಯಾಂಕೇ. ‘ಲೇಕ್’ ಬಂದದ್ದು ಬೆಂಗಳೂರಿನ ವಾಕಿಂಗ್ ಪಾತ್ ಜೊತೆಗೆ ಅಂತ ನಾನು ತಮಾಷೆಗೆ ಹೇಳುತ್ತಿರುತ್ತೇನೆ. ಹಾಗಾಗಿ ‘ಲೇಕ್’ ಹಾಕಿದರೆ ನಗರ, ಒತ್ತುವರಿ, ನೊರೆ. ‘ಟ್ಯಾಂಕ್ ಇರಿಗೇಶನ್ ಮೈಸೂರು’ ಅಂತ ಹಾಕಿದರೆ ಬೇರೆಯದೇ ಬಾಗಿಲು. ಬರೀ ‘ಟ್ಯಾಂಕ್’ ಹಾಕಬೇಡ, ಯುದ್ಧದ ಟ್ಯಾಂಕು, ಮನೆ ಮೇಲಿನ ಪ್ಲಾಸ್ಟಿಕ್ ಟ್ಯಾಂಕು ಎಲ್ಲ ಬರುತ್ತವೆ. ಜೊತೆಗೆ ಇರಿಗೇಶನ್, ಸ್ಲೂಯಿಸ್ (ತೂಬು), ಬಂಡ್ (ಏರಿ), ವಿಲೇಜ್ ಇವುಗಳಲ್ಲಿ ಒಂದನ್ನು ಸೇರಿಸು.

ಈಗ ನೀರುಗಂಟಿ. ಕಷ್ಟ ಇರುವುದು ಇಲ್ಲಿ. ನೀನು ಇಂಗ್ಲಿಷಿನಲ್ಲಿ ಹೇಗೆ ಟೈಪ್ ಮಾಡಿದೆ? ಎನ್, ಎರಡು ಇ, ಆರ್, ಯು... ಹೀಗೇ ಅಲ್ವಾ? ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ತೆಗೆದು ನೋಡು, 1897ರ ಪರಿಷ್ಕೃತ ಆವೃತ್ತಿ. ಹಳ್ಳಿಯ ಹನ್ನೆರಡು ಆಯಗಾರರ, ಅಂದರೆ ಊರ ಕೆಲಸದವರ ಪಟ್ಟಿಯಲ್ಲಿ ಗೌಡ, ಶಾನುಭೋಗ, ತೋಟಿ, ತಳವಾರ, ಕಮ್ಮಾರ, ಅಗಸ ಇವರ ಜೊತೆ ನೀರುಗಂಟಿಯೂ ಇದ್ದಾನೆ. ಆದರೆ ಅವನ ಹೆಸರು ‘ನಿರ್‌ಗಂಟಿ’. ಎನ್ ಆದ ಮೇಲೆ ಒಂದೇ ಐ, ಆರ್ ಆದ ಮೇಲೆ ಯು ಇಲ್ಲ. ನೀನು ಎರಡು ಇ ಹಾಕಿಕೊಂಡು ಎಷ್ಟು ದಿನ ಕೂತರೂ ಆ ಪುಟ ಬರುವುದಿಲ್ಲ. ಅದಕ್ಕೆ ನಾನು ಮಕ್ಕಳಿಗೆ ಮೊದಲು ಒಂದು ಕಾಗದ ತೆಗೆಯಿರಿ ಅನ್ನುತ್ತಿದ್ದೆ. ನೀರುಗಂಟಿ, ನೀರಗಂಟಿ, ನೀರ್ಗಂಟಿ, ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಎಷ್ಟು ಸ್ಪೆಲಿಂಗ್ ಸಾಧ್ಯವೋ ಅಷ್ಟೂ ಬರಿ. ಏಳೆಂಟು ಆಗುತ್ತವೆ. ಒಂದೊಂದನ್ನೂ ಡಬಲ್ ಕೋಟ್ಸ್ ಒಳಗೆ ಹಾಕಿ ಹುಡುಕು. ಕೋಟ್ಸ್ ಹಾಕದಿದ್ದರೆ ಗೂಗಲ್ ತನಗೆ ತೋಚಿದ ಹಾಗೆ ತಿದ್ದಿಬಿಡುತ್ತದೆ.

ಇಷ್ಟಾದರೂ ಮುಗಿಯಲಿಲ್ಲ. ಎಷ್ಟೋ ಕಡೆ ಅವನ ಹೆಸರೇ ಇರುವುದಿಲ್ಲ. ‘ವಾಟರ್‌ಮ್ಯಾನ್’ ಅಂತಲೋ, ‘ವಿಲೇಜ್ ಸರ್ವೆಂಟ್ಸ್’ ಅನ್ನುವ ತಲೆಬರಹದ ಕೆಳಗೋ, ‘ಸರ್ವಿಸ್ ಇನಾಂ’, ಅಂದರೆ ಕೆಲಸಕ್ಕಾಗಿ ಬಿಟ್ಟ ಭೂಮಿಯ ಲೆಕ್ಕದಲ್ಲೋ ಇರುತ್ತಾನೆ. ಅವನಿಗೆ ಸಂಬಳ ಅಂತ ಇರಲಿಲ್ಲವಲ್ಲ. ಬಿಟ್ಟ ಭೂಮಿ ಇತ್ತು, ಕಣದಲ್ಲಿ ಕೊಡುವ ಧಾನ್ಯ ಇತ್ತು. ಹಾಗಾಗಿ ಅವನು ನೀರಾವರಿ ಪುಸ್ತಕಕ್ಕಿಂತ ಜಾಸ್ತಿ ಸಿಗುವುದು ಕಂದಾಯದ ಪುಸ್ತಕದಲ್ಲಿ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯನ್ನೂ ನೋಡು. ನಿನ್ನ 1950ರ ಗಡಿ ದಾಟುತ್ತದೆ, ಪರವಾಗಿಲ್ಲ. ಒಂದು ಹುದ್ದೆ ಮುಚ್ಚುವಾಗ ಅದರ ಹಿಂದಿನ ಕಥೆಯೆಲ್ಲ ಕಾಗದಕ್ಕೆ ಬರುತ್ತದೆ. ಹಾಗೆಯೇ 1911ರ ಮೈಸೂರು ಟ್ಯಾಂಕ್ ಪಂಚಾಯತ್ ರೆಗ್ಯುಲೇಶನ್. ಆ ಹೆಸರನ್ನೇ ಕೋಟ್ಸ್ ಒಳಗೆ ಹಾಕು. ಅದನ್ನು ಉಲ್ಲೇಖಿಸಿದವರೆಲ್ಲ ನಿನ್ನ ಕಡೆಯ ಜನ.

ಊರ ಹೆಸರೂ ಹೀಗೆಯೇ. ಬಂಗಾರಪೇಟೆ ಅಂತ ಹುಡುಕಿದರೆ ಹಳೇ ದಾಖಲೆಯಲ್ಲಿ ಸಿಗುವುದಿಲ್ಲ, ಅದು ಆಗ ಬೌರಿಂಗ್‌ಪೇಟೆ. ಕಮಿಷನರ್ ಬೌರಿಂಗ್ ಹೆಸರು. ನಿಮ್ಮ ಶ್ರೀನಿವಾಸಪುರಕ್ಕೇ ಮೊದಲು ಪಾಪನಪಲ್ಲಿ ಅಂತ ಹೆಸರಿತ್ತು. ದಿವಾನ್ ಪೂರ್ಣಯ್ಯ ಮಗನ ಹೆಸರಿಟ್ಟರು ಅಂತ ರೈಸ್ ಬರೆಯುತ್ತಾರೆ. 1800–01ರಲ್ಲಿ ಈ ಕಡೆ ಓಡಾಡಿದ ಬುಕಾನನ್ ಪುಸ್ತಕದಲ್ಲಿ ಕೋಲಾರದ ಮೊದಲ ಅಕ್ಷರ ‘ಕೆ’ ಅಲ್ಲ, ‘ಸಿ’. ಆತ ಕೆರೆಗೆ ‘ಟ್ಯಾಂಕ್’ ಅಂತಲೂ ಬರೆಯುತ್ತಾನೆ, ‘ರಿಸರ್ವಾಯರ್’ ಅಂತಲೂ ಬರೆಯುತ್ತಾನೆ. ಇನ್ನೊಂದು, 2007ರವರೆಗೆ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಕೋಲಾರ ಜಿಲ್ಲೆಯೇ. ನಿನ್ನ ಕಾಲಕ್ಕೆ ಅವೂ ನಿನ್ನ ವ್ಯಾಪ್ತಿಗೆ ಸೇರುತ್ತವೆ. ಈಗಿನ ಮ್ಯಾಪ್ ನೋಡಿ ಬಿಟ್ಟುಬಿಡಬೇಡ.

ಮೊದಲಾದರೆ ನಾನೇ ಈ ತಪ್ಪು ಮಾಡುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗಿ ಬಂದಿದ್ದಳು. 1910–30ರ ಮೈಸೂರಿನಲ್ಲಿ ದಲಿತ ಮಕ್ಕಳ ಶಾಲೆಗಳ ಬಗ್ಗೆ ಬೇಕು ಅಂದಳು. ನಾನು ‘ಪರಿಶಿಷ್ಟ ಜಾತಿ’ ಅನ್ನುವ ಕಾರ್ಡುಗಳನ್ನೇ ಎರಡು ದಿನ ತಿರುವಿದೆ. ಆಮೇಲೆ ಇಲ್ಲ ಅಂತ ಕಳಿಸಿದೆ. ಆ ವರ್ಷಗಳ ಶಿಕ್ಷಣ ವರದಿಯಲ್ಲಿ ಇದ್ದ ಪದ ‘ಪಂಚಮ’, ‘ಡಿಪ್ರೆಸ್ಡ್ ಕ್ಲಾಸಸ್’, ಆಮೇಲೆ ‘ಆದಿ ಕರ್ನಾಟಕ’. ‘ಪರಿಶಿಷ್ಟ’ ಅನ್ನುವುದು ಆಗ ಹುಟ್ಟೇ ಇರಲಿಲ್ಲ. ನನಗೆ ಇದು ಗೊತ್ತಾದದ್ದು ಒಂದು ವರ್ಷದ ಮೇಲೆ, ಬೇರೇನೋ ಹುಡುಕುವಾಗ. ಅಷ್ಟು ಹೊತ್ತಿಗೆ ಅವಳು ವಿಷಯ ಬದಲಿಸಿ ಪಾಸಾಗಿ ಹೋಗಿದ್ದಳು. ಇವತ್ತಿಗೂ ನೆನಪಾದರೆ ಮುಜುಗರ. ಹಳೇ ಪದ ಈಗ ಆಡಲು ಚೆನ್ನಾಗಿರುವುದಿಲ್ಲ, ನಿಜ. ನಿನ್ನ ಬರಹದಲ್ಲಿ ಬಳಸಬೇಡ. ಹುಡುಕುವ ಡಬ್ಬಿಯಲ್ಲಿ ಮಾತ್ರ ಹಾಕಲೇಬೇಕು.

ಹಳೇ ಪದ ಎಲ್ಲಿಂದ ತರುವುದು ಅಂತ ಕೇಳುತ್ತೀಯಲ್ವಾ? ನಿಘಂಟು. ಕಿಟ್ಟೆಲ್ 1894ರದು. ಅದರ ಜೊತೆಗೆ ವಿಲ್ಸನ್ ಅವರ ಕಂದಾಯ ಮತ್ತು ನ್ಯಾಯಾಡಳಿತದ ಪದಕೋಶ, 1855ರದು. ಕಚೇರಿ ಕಾಗದದಲ್ಲಿ ಬರುವ ದೇಶೀ ಪದಗಳನ್ನು ಇಂಗ್ಲಿಷರಿಗೆ ಅರ್ಥ ಮಾಡಿಸಲೆಂದೇ ಮಾಡಿದ್ದು. ಎರಡೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಅದೇ ಆರ್ಕೈವ್‌ನಲ್ಲಿ ಪುಸ್ತಕದ ಹೆಸರಿನಲ್ಲಿ ಹುಡುಕುವುದು ಬೇರೆ, ಪುಸ್ತಕದ ಒಳಗಿನ ಪಠ್ಯದಲ್ಲಿ ಹುಡುಕುವುದು ಬೇರೆ. ಸರ್ಚ್ ಡಬ್ಬಿಯ ಹತ್ತಿರವೇ ಆಯ್ಕೆ ಇದೆ, ಎರಡನೆಯದನ್ನು ಒತ್ತು.

ಪಿಎಚ್.ಡಿ. ಪ್ರಬಂಧಗಳನ್ನು ಹಾಕುವ ಶೋಧಗಂಗಾ ವೆಬ್‌ಸೈಟ್ ನೋಡಿದೆಯಾ? ಅಲ್ಲಿ ಕನ್ನಡ ಪ್ರಬಂಧಗಳ ಹೆಸರನ್ನು ಎಷ್ಟೋ ಸಲ ಇಂಗ್ಲಿಷ್ ಅಕ್ಷರದಲ್ಲಿ ಬರೆದಿರುತ್ತಾರೆ. ‘ಕೆರೆಗಳು’ ಅನ್ನುವುದನ್ನು ಇಂಗ್ಲಿಷ್ ಅಕ್ಷರದಲ್ಲೂ ಹಾಕಿ ನೋಡು. ಅಧ್ಯಾಯಕ್ಕೊಂದು ಪಿಡಿಎಫ್ ಇರುತ್ತದೆ. ನೀನು ಮೊದಲು ಕೊನೆಯ ಪಿಡಿಎಫ್ ತೆಗೆ, ಗ್ರಂಥಋಣ. ನಿನ್ನ 25ರಲ್ಲಿ ಹತ್ತು ಅಲ್ಲೇ ಇರುತ್ತವೆ.

ಸೀನ ಅವರೇ, ಈಗ ನಿಮ್ಮ ಮಾತು. ರಿಟೈರ್ ಆಗುವ ಮುಂಚಿನ ವರ್ಷ ಒಬ್ಬ ಹುಡುಗ ನೀವು ಹೇಳಿದ ಹಾಗೆಯೇ ಪಟ್ಟಿ ತಂದಿದ್ದ. ಲೇಖಕರ ಹೆಸರು, ವರ್ಷ, ಪುಟ ಸಂಖ್ಯೆ, ಎಲ್ಲ ಚೊಕ್ಕಟ. ಅದರಲ್ಲಿ ಏಳು ಪುಸ್ತಕ ಈ ಭೂಮಿ ಮೇಲೇ ಇಲ್ಲ! ಇಡೀ ಮಧ್ಯಾಹ್ನ ನಾನೂ ಅವನೂ ಇಲ್ಲದ ಪುಸ್ತಕ ಹುಡುಕಿದೆವು. ಪದಗಳನ್ನು ಕೇಳಿ, ಅದಕ್ಕೆ ನನ್ನ ತಕರಾರಿಲ್ಲ. ‘ಸ್ಲೂಯಿಸ್ ಅನ್ನುವುದಕ್ಕೆ ಇನ್ನೇನು ಹೇಳುತ್ತಾರೆ’ ಅಂದರೆ ಹತ್ತು ಪದ ಕೊಡುತ್ತದೆ, ಒಳ್ಳೆಯದೇ. ಪುಸ್ತಕದ ಪಟ್ಟಿ ಮಾತ್ರ ಕೇಳಬೇಡಿ.

ಮಾವಿನ ತೋಪು ಬರೆದದ್ದು:

ಮೇಡಂ, ದೊಡ್ಡ ನಮಸ್ಕಾರ. ರಾತ್ರಿ ಹನ್ನೊಂದಕ್ಕೆ ನಿಮ್ಮ ಉತ್ತರ ಓದಿ ಆಗಲೇ ಕೂತೆ. ಎರಡು ಇ ತೆಗೆದು ಒಂದು ಐ ಹಾಕಿದ್ದಷ್ಟೇ. ಗೆಜೆಟಿಯರ್ ಪುಟ ಸಿಕ್ಕೇಬಿಟ್ಟಿತು! ರೂಮ್‌ಮೇಟ್‌ನನ್ನು ಎಬ್ಬಿಸಿ ತೋರಿಸಿದೆ. ಬೈದು ಮಲಗಿದ.

ಒಂದು ಅನುಮಾನ. ಕನ್ನಡದಲ್ಲಿ ಹುಡುಕಿದರೆ ಇನ್ನೂ ಏನೂ ಬರುತ್ತಿಲ್ಲ. ಒಂದು ವಿಚಾರ ಸಂಕಿರಣದ ಲೇಖನಗಳ ಪಿಡಿಎಫ್ ಗೆಳೆಯ ಕೊಟ್ಟ, 340 ಪುಟ. ಅದರಲ್ಲಿ ಕೋಲಾರದ ಕೆರೆಗಳ ಮೇಲೆ ಲೇಖನ ಇದೆ, ಕಣ್ಣಿಗೇ ಕಾಣುತ್ತಿದೆ. ಆದರೆ ಕಂಟ್ರೋಲ್ ಎಫ್ ಒತ್ತಿ ‘ಕೆರೆ’ ಅಂತ ಹಾಕಿದರೆ ‘ಸಿಗಲಿಲ್ಲ’ ಅನ್ನುತ್ತದೆ. ಸ್ಕ್ಯಾನ್ ಮಾಡಿದ್ದೂ ಅಲ್ಲ, ಅಕ್ಷರ ಸೆಲೆಕ್ಟ್ ಆಗುತ್ತವೆ. ಇದೇನು ಮಾಯೆ?

ಡಿಟಿಪಿ ಅಣ್ಣ ಬರೆದದ್ದು:

ಇದು ನನ್ನ ಏರಿಯಾ. ಆ ಪಿಡಿಎಫ್‌ನಿಂದ ‘ಕೆರೆ’ ಅನ್ನುವ ಒಂದು ಪದ ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಏನು ಬಂತು? ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೀಟಿರುವ ಇ, ಸಣ್ಣ ಜಿ, ಮತ್ತೆ ಗೀಟಿನ ಇ ಬಂದಿದ್ದರೆ ಅದು ಹಳೇ ನುಡಿ ಫಾಂಟ್. ಈಗ ಫೋನು, ಇಂಟರ್ನೆಟ್ಟಿನಲ್ಲೆಲ್ಲ ಕನ್ನಡಕ್ಕೆ ಬಳಸುವ ಯೂನಿಕೋಡ್ ಅಲ್ಲ. ನೋಡಲು ಕನ್ನಡ, ಒಳಗೆ ಇರುವುದು ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಫಾಂಟ್ ಅದಕ್ಕೆ ಕನ್ನಡದ ಅಂಗಿ ತೊಡಿಸಿದೆ, ಅಷ್ಟೇ. ಹಾಗಾಗಿ ನೀವು ಹಾಕಿದ ‘ಕೆರೆ’ಯೂ ಅಲ್ಲಿರುವ ‘ಕೆರೆ’ಯೂ ಕಂಪ್ಯೂಟರ್‌ಗೆ ಬೇರೆ ಬೇರೆ. ಗೂಗಲ್‌ಗೂ ಇದೇ ಪಾಡು. ನಾನೇ ವರ್ಷಗಟ್ಟಲೆ ಸ್ಮರಣಸಂಚಿಕೆ, ಸಂಕಿರಣದ ಪುಸ್ತಕ ಎಲ್ಲ ಇದೇ ಫಾಂಟಿನಲ್ಲಿ ಹೊಡೆದಿದ್ದೇನೆ. ಅವೆಲ್ಲ ಇಂಟರ್ನೆಟ್ಟಿನಲ್ಲಿ ಇದ್ದೂ ಇಲ್ಲದ ಹಾಗೆ ಬಿದ್ದಿವೆ. ಪಾಪ ನನಗೂ ತಟ್ಟುತ್ತದೆ.

ಉಪಾಯ ಸುಲಭ. ಆ ಕಲಸುಮೇಲೋಗರವನ್ನೇ ಕಾಪಿ ಮಾಡಿ ಕಂಟ್ರೋಲ್ ಎಫ್ ಡಬ್ಬಿಗೆ ಹಾಕಿ. 340 ಪುಟದಲ್ಲಿ ಎಲ್ಲೆಲ್ಲಿ ಕೆರೆ ಇದೆಯೋ ಎಲ್ಲ ಹಳದಿ ಆಗುತ್ತದೆ. ಗೂಗಲ್‌ಗೂ ಅದನ್ನೇ ಹಾಕಿ ನೋಡಿ. ಒಮ್ಮೊಮ್ಮೆ ಬೇರೆ ಪಿಡಿಎಫ್‌ಗಳೂ ಸಿಕ್ಕಿಬಿಡುತ್ತವೆ. ಇಡೀ ಲೇಖನ ಬೇಕಾದರೆ ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಇವೆ. ಒತ್ತಕ್ಷರ ಕೆಲವು ಕೆಡುತ್ತವೆ, ಕೈಯಲ್ಲಿ ತಿದ್ದಿಕೊಳ್ಳಿ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಕನ್ನಡದಲ್ಲಿ ಹುಡುಕುವಾಗ ಪದದ ಬಾಲ ನೋಡಿಕೊಳ್ಳಿ. ‘ಕೆರೆಗಳ’, ‘ಕೆರೆಯ’, ‘ಕೆರೆಗೆ’ ಎಲ್ಲ ಬೇರೆ ಬೇರೆ ಪದ ಅಂತಲೇ ಎಷ್ಟೋ ವೆಬ್‌ಸೈಟ್‌ಗಳು ತಿಳಿದುಕೊಂಡಿವೆ. ಯೂನಿಕೋಡ್ ಪಿಡಿಎಫ್ ಒಳಗಾದರೆ ಬರೀ ‘ಕೆರೆ’ ಸಾಕು, ಬಾಲ ಇದ್ದರೂ ಹಿಡಿಯುತ್ತದೆ. ‘ನೀರುಗಂಟಿ’ ಬದಲು ‘ಗಂಟಿ’ ಅಂತ ಹಾಕಿ, ಮೂರೂ ರೂಪ ಒಟ್ಟಿಗೆ ಬರುತ್ತವೆ. ವರ್ಷವನ್ನೂ 1876 ಅಂತ ಒಮ್ಮೆ, ೧೮೭೬ ಅಂತ ಒಮ್ಮೆ.

ಹಳೇ ಲೈಬ್ರರಿಯನ್ ಬರೆದದ್ದು:

ಡಿಟಿಪಿ ಅಣ್ಣ, ಇದು ನನಗೂ ಹೊಸದು. 27 ವರ್ಷದಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

1876 ಅಂದಿದ್ದಕ್ಕೆ ನೆನಪಾಯಿತು. ಆ ದೊಡ್ಡ ಬರ 1876–78ರದು. ಕೆರೆ ಬಗ್ಗೆ ಹುಡುಕುವವರು ಅದನ್ನು ಬಿಡುವ ಹಾಗಿಲ್ಲ. ಆದರೆ ಹಳ್ಳಿಯಲ್ಲಿ ಇಸವಿ ಯಾರು ಹೇಳುತ್ತಿದ್ದರು? ಧಾತು ಸಂವತ್ಸರ, ಈಶ್ವರ ಸಂವತ್ಸರ ಅಂತ ಇರುತ್ತಿತ್ತು. ‘ಧಾತು’ ಜೊತೆ ‘ಬರ’ ಅಥವಾ ‘ಕರುವು’ ಹಾಕಿ ಹುಡುಕು. ನಿಮ್ಮ ಕಡೆ ಮನೆಮಾತು ತೆಲುಗು ಇರುವವರು ಜಾಸ್ತಿ ಅಲ್ವಾ, ಅದಕ್ಕೆ ‘ಕರುವು’.

ಶಾಸನಗಳ ಕಡೆ ಹೋದರೆ ಒಂದು ಎಚ್ಚರಿಕೆ. ಶಾಸನಗಳನ್ನು ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಕೋಲಾರ ಜಿಲ್ಲೆ 10ನೇ ಸಂಪುಟ, 1905ರದು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಸಂಖ್ಯೆಗಳು ಬೇರೆ. ಯಾರಾದರೂ ‘10ನೇ ಸಂಪುಟ’ ಅಂದರೆ ಯಾವ ಆವೃತ್ತಿ ಅಂತ ಮೊದಲು ನೋಡಿಕೋ. ಹಳೇ ಶಾಸನದಲ್ಲಿ ಕೆರೆಯ ‘ರೆ’ ಈಗಿನ ರ ಅಲ್ಲ, ‘ಕೆಱೆ’. ಆ ಅಕ್ಷರ ಹಾಕದೆ ಹುಡುಕಿದರೆ ಸಿಗುವುದಿಲ್ಲ. ಕೆರೆ ಕಟ್ಟಿಸಿದವರಿಗೆ ಕೊಟ್ಟ ಭೂಮಿಗೆ ‘ಕಟ್ಟುಕೊಡಗೆ’, ‘ಬಿತ್ತುವಟ್ಟ’, ‘ದಶವಂದ’ ಇಂಥ ಪದಗಳು ಬರುತ್ತವೆ. ಇವನ್ನು ಇಂಗ್ಲಿಷ್ ಅನುವಾದದಲ್ಲಿ ನಡುವೆ ಗೀಟು ಹಾಕಿ ಒಡೆದು ಅಚ್ಚು ಮಾಡಿರುತ್ತಾರೆ. ಒಡೆದೂ ಹುಡುಕು, ಕೂಡಿಸಿಯೂ ಹುಡುಕು.

ನಿಮ್ಮ ಕಡೆ ಚೋಳರ ತಮಿಳು ಶಾಸನಗಳೂ ಬೇಕಾದಷ್ಟಿವೆ. ಅಲ್ಲಿ ‘ಏರಿ’ ಅಂದರೆ ಕೆರೆ. ನಮಗೆ ಏರಿ ಅಂದರೆ ಕಟ್ಟೆ. ಒಬ್ಬ ಹುಡುಗ ಇದನ್ನು ಉಲ್ಟಾ ತಿಳಿದು ಇಡೀ ಅಧ್ಯಾಯವನ್ನು ‘ಏರಿ ದುರಸ್ತಿ’ ಅಂತ ಬರೆದುಬಿಟ್ಟಿದ್ದ. ವೈವಾದಲ್ಲಿ ಸಿಕ್ಕಿಬಿದ್ದ.

ತೂಬಿನ ಇಂಜಿನಿಯರ್ ಬರೆದದ್ದು:

ನಾನು ಇತಿಹಾಸದವನಲ್ಲ. ನೀರಾವರಿ ಕೆಲಸದಲ್ಲಿ ಇದ್ದು ನಿವೃತ್ತನಾದವನು. ಫೈಲಿನ ಭಾಷೆ ಹೇಳುತ್ತೇನೆ, ಉಪಯೋಗ ಆದೀತು.

ಕೋಡಿಗೆ ನಮ್ಮ ಫೈಲಿನಲ್ಲಿ ‘ವೇಸ್ಟ್ ವಿಯರ್’. ತೂಬಿಗೆ ‘ಸ್ಲೂಯಿಸ್’. ಏರಿಗೆ ‘ಬಂಡ್’. ರಾಜಕಾಲುವೆಗೆ ‘ಫೀಡರ್ ಚಾನೆಲ್’. ಅದೇ ರಾಜಕಾಲುವೆ ಬೆಂಗಳೂರಿನೊಳಗೆ ಬಂದರೆ ‘ಸ್ಟಾರ್ಮ್ ವಾಟರ್ ಡ್ರೇನ್’ ಆಗಿಬಿಡುತ್ತದೆ! ಒಂದೇ ನೀರು, ಎರಡು ಹೆಸರು. ಅಚ್ಚುಕಟ್ಟು, ಅಂದರೆ ಕೆರೆ ನೀರು ಹರಿಯುವ ಜಮೀನು, ನಮ್ಮಲ್ಲಿ ‘ಅಚ್‌ಕಟ್’. ತಮಿಳುನಾಡು, ಆಂಧ್ರದ ಪುಸ್ತಕಗಳಲ್ಲಿ ‘ಆಯಕಟ್’. ಎರಡನ್ನೂ ಹಾಕಿ ಹುಡುಕಿ. ಹೂಳೆತ್ತುವುದು ‘ಡೀಸಿಲ್ಟಿಂಗ್’. ಹಳೇ ಪತ್ರಗಳಲ್ಲಿ ‘ರೆಸ್ಟೋರೇಶನ್ ಆಫ್ ಟ್ಯಾಂಕ್ಸ್’ ಅಂತ ಇರುತ್ತಿತ್ತು.

ಇನ್ನೊಂದು, ಯಾವ ಕಚೇರಿ ಅನ್ನುವುದೂ ಮುಖ್ಯ. ಈಗ 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು ಇರುವ ಕೆರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆ ಇದ್ದರೆ ಜಿಲ್ಲಾ ಪಂಚಾಯತಿಯದು. ನಿಮ್ಮೂರ ಕೆರೆ ಚಿಕ್ಕದಾದರೆ ನಮ್ಮ ಇಲಾಖೆಯ ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಮದ್ರಾಸ್ ಕಡೆಯದ್ದನ್ನೂ ಓದಿ. ಅಲ್ಲಿ ‘ಕುಡಿಮರಾಮತ್ತು’ ಅಂತ ಒಂದು ಪದ ಇದೆ, ರೈತರೇ ಕೈಯಾರೆ ಕೆರೆ ರಿಪೇರಿ ಮಾಡುವ ಪದ್ಧತಿ. ಅದರ ಮೇಲೆ ಬರೆದದ್ದು ರಾಶಿ ಇದೆ. ನಮ್ಮ ನೀರುಗಂಟಿಯ ಜೊತೆ ಹೋಲಿಸಲು ಅಲ್ಲಿನ ‘ನೀರ್ಕಟ್ಟಿ’ ಸಿಗುತ್ತಾನೆ. ನಾನು ಸರ್ವಿಸ್‌ಗೆ ಸೇರಿದಾಗ ಒಬ್ಬ ಮುದುಕ ನೀರುಗಂಟಿ ನನಗೆ ತೂಬಿನ ಸದ್ದು ಕೇಳಿಸಿಕೊಂಡು ಎಷ್ಟು ನೀರು ಹೋಗುತ್ತಿದೆ ಅಂತ ಹೇಳುತ್ತಿದ್ದ. ನನ್ನ ಟೇಪು, ಲೆಕ್ಕ ಎಲ್ಲ ಆಮೇಲೆ. ಅವನ ಹೆಸರು ನಾವು ಕೆಲಸದ ಅಳತೆ ಬರೆಯುವ ಯಾವ ಎಂ ಬುಕ್ಕಿನಲ್ಲೂ ಇಲ್ಲ.

ಶಾರ್ಟ್‌ಕಟ್ ಸೀನ ಬರೆದದ್ದು:

ಮೇಡಂ ಹೇಳಿದ ಏಳು ಪುಸ್ತಕದ ಕಥೆ ಓದಿ ನನ್ನ ತಂಗಿಯ ಪ್ರಾಜೆಕ್ಟ್ ತೆಗೆದು ನೋಡಿದೆ. ನಾನೇ ಮಾಡಿಕೊಟ್ಟಿದ್ದು. 12ರಲ್ಲಿ ನಾಲ್ಕು ಸಿಗುತ್ತಿಲ್ಲ. ನಾಡಿದ್ದು ಸಬ್‌ಮಿಷನ್. ಈಗ ನಾನೂ ಹುಡುಕಲು ಕೂತಿದ್ದೇನೆ.

ಮಾವಿನ ತೋಪು ಬರೆದದ್ದು:

ಎಲ್ಲರಿಗೂ ಹತ್ತು ದಿನದ ವರದಿ. ಈಗ ನನ್ನ ಹತ್ತಿರ 31 ಆಕರ ಇವೆ, ಎಲ್ಲವನ್ನೂ ಕಣ್ಣಾರೆ ನೋಡಿದ್ದೇನೆ. ಮೇಡಂ ಕಾಗದ ತೆಗೆ ಅಂದಿದ್ದರಲ್ಲ, ನಾನು ಒಂದು ನೋಟ್‌ಬುಕ್ಕೇ ಇಟ್ಟೆ. ಎಡಗಡೆ ಹಾಕಿದ ಪದ, ಬಲಗಡೆ ಎಲ್ಲಿ ಹುಡುಕಿದೆ, ಏನು ಸಿಕ್ಕಿತು. ಇಲ್ಲದಿದ್ದರೆ ನಿನ್ನೆ ಹುಡುಕಿದ್ದನ್ನೇ ಇವತ್ತೂ ಹುಡುಕುತ್ತಿದ್ದೆ. ಡಿಟಿಪಿ ಅಣ್ಣನ ಕಲಸುಮೇಲೋಗರದಿಂದಲೇ ಮೂರು ಲೇಖನ ಸಿಕ್ಕವು. ಇಂಜಿನಿಯರ್ ಸರ್, ಕುಡಿಮರಾಮತ್ತು ಅಂತ ಹಾಕಿದ ದಿನ ನಿದ್ದೆಯೇ ಮಾಡಲಿಲ್ಲ, ಅಷ್ಟಿದೆ. ಗೈಡ್ ಈಗ ಜಾಸ್ತಿಯಾಯಿತು ಕಡಿಮೆ ಮಾಡು ಅಂತಿದ್ದಾರೆ.

ಆದರೆ ನನಗೆ ಖುಷಿಯಾದದ್ದು ಬೇರೆಯದು. ಭಾನುವಾರ ಊರಿಗೆ ಹೋಗಿದ್ದೆ. ಅಜ್ಜಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ದೊಡ್ಡ ತಾತನಿಗೆ ಕೂಲಿ ಏನು ಕೊಡುತ್ತಿದ್ದರು ಅಂತ ಕೇಳಿದೆ. ‘ಕೂಲಿ ಯಾಕೋ? ಮೇರ ಕೊಡ್ತಾ ಇದ್ರು, ಕಣದಲ್ಲಿ’ ಅಂದರು. ಮೇರ! ಈ ಪದ ನಾನು ಸಾವಿರ ಸಲ ಕೇಳಿದ್ದೇನೆ. ಮನೆಯಲ್ಲಿ ಆಡುವ ತೆಲುಗು ಮಾತು ಅಂತ ಕಿವಿಗೇ ಹಾಕಿಕೊಂಡಿರಲಿಲ್ಲ. ಬ್ರೌನ್ ಅವರ ತೆಲುಗು ನಿಘಂಟಿನಲ್ಲಿ ನೋಡಿದೆ, ಊರ ಕೆಲಸದವರಿಗೆ ಕೊಡುವ ಧಾನ್ಯದ ಪಾಲು ಅನ್ನುವ ಅರ್ಥವೂ ಇದೆ. ತಮಿಳಿನಲ್ಲಿ ‘ಮೇರೈ’. ಈಗ ಈ ಎರಡನ್ನೂ ಹಾಕಿ ಹುಡುಕುತ್ತಿದ್ದೇನೆ. ಇನಾಂ, ಸರ್ವಿಸ್ ಅನ್ನುವುದರಲ್ಲಿ ಸಿಗದಿದ್ದ ಲೆಕ್ಕಗಳು ಬರುತ್ತಿವೆ. ನಮ್ಮ ಹೊಲದ ಪಕ್ಕದ ತುಂಡಿಗೆ ಊರಲ್ಲಿ ಈಗಲೂ ‘ನೀರಗಂಟಿ ಮಾನ್ಯ’ ಅಂತಾರೆ, ಅಂದರೆ ನೀರುಗಂಟಿಗೆ ಬಿಟ್ಟ ಭೂಮಿ. ಅದರ ಹಳೇ ಪಹಣಿ ತೆಗೆಸಬೇಕು.

ಮಂಗಳವಾರ ಬೆಂಗಳೂರಿಗೆ, ರಾಜ್ಯ ಪತ್ರಾಗಾರಕ್ಕೆ ಹೋಗುತ್ತಿದ್ದೇನೆ. ಮೊದಲ ಸಲ. ಏನೇನು ಒಯ್ಯಬೇಕು ಮೇಡಂ?

ಹಳೇ ಲೈಬ್ರರಿಯನ್ ಬರೆದದ್ದು:

ಡಿಪಾರ್ಟ್‌ಮೆಂಟಿನ ಪತ್ರ, ಅದರ ಎರಡು ಜೆರಾಕ್ಸ್. ಕಾಲೇಜಿನ ಐಡಿ. ಪೆನ್ಸಿಲ್, ನಾನು ಹಳೇ ಕಾಗದದ ಹತ್ತಿರ ಪೆನ್ನು ಒಯ್ಯುವುದೇ ಇಲ್ಲ. ಆ ಪದಗಳ ನೋಟ್‌ಬುಕ್ ಮರೆಯಬೇಡ. ಅಲ್ಲಿನ ಕ್ಯಾಟಲಾಗ್ ವಿಷಯವಾರು ಇರುತ್ತದೆ ಅಂದುಕೊಂಡು ‘ಕೆರೆ’ ತೋರಿಸಿ ಅಂತ ಕೇಳಬೇಡ. ‘ರೆವಿನ್ಯೂ’, ‘ಪಿಡಬ್ಲ್ಯುಡಿ’ ಅಂತ ಕೇಳಿ ಶುರು ಮಾಡು. ಬುತ್ತಿ ಕಟ್ಟಿಕೊಂಡು ಹೋಗು, ಊಟದ ಹೊತ್ತಿನಲ್ಲಿ ಹೊರಗೆ ಅಲೆಯುತ್ತಾ ಕೂತರೆ ಮಧ್ಯಾಹ್ನ ಕಳೆದುಹೋಗುತ್ತದೆ.

ಅಜ್ಜಿಯನ್ನು ಇನ್ನೊಂದು ಕೇಳು. ತೂಬಿಗೆ, ಕೋಡಿಗೆ ಅವರು ತೆಲುಗಿನಲ್ಲಿ ಏನು ಹೇಳುತ್ತಾರೆ ಅಂತ. ಬರೆದುಕೊಂಡು ಇಲ್ಲಿ ಹಾಕು.

ಮಾವಿನ ತೋಪು ಬರೆದದ್ದು:

ಈಗಷ್ಟೇ ಫೋನ್ ಮಾಡಿ ಕೇಳಿದೆ ಮೇಡಂ. ತೂಬಿಗೆ ‘ತೂಮು’. ಕೋಡಿಗೆ ‘ಮರವ’. ಕೆರೆಗೆ ‘ಚೆರುವು’. ಇದೆಲ್ಲ ಯಾಕೆ, ಊಟ ಮಾಡಿದೆಯಾ ಅಂತ ಕೇಳಿದರು.